ಕಾರಿಗೆ ಕಣ್ಣೂ ಇದೆ, ಮಾತೂ ಬಂತು: ಎರಡನ್ನೂ ಎಲ್ಲಿ ಜೋಡಿಸಬೇಕು?

ಪ್ರಶ್ನೆ: ನಾವು ನಾಲ್ವರು ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿಗಳು. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕ್ಯಾಮೆರಾ ಇಟ್ಟು ತೆಗೆದ ವಿಡಿಯೊವನ್ನು 7 ಬಿಲಿಯನ್ ಪ್ಯಾರಾಮೀಟರಿನ ಒಂದು ಓಪನ್ ದೃಶ್ಯ-ಭಾಷಾ ಮಾಡೆಲ್‌ಗೆ (ಚಿತ್ರ ನೋಡಿ ಮಾತಿನಲ್ಲಿ ಉತ್ತರಿಸುವ ಎಐಗೆ) ಕೊಡುತ್ತಿದ್ದೇವೆ. ಲ್ಯಾಬಿನ ಜೆಟ್‌ಸನ್ ಎಜಿಎಕ್ಸ್ ಓರಿನ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ, ಒಂದೊಂದು ಪ್ಯಾರಾಮೀಟರಿಗೆ 16 ಬಿಟ್ ಇಟ್ಟೇ ಓಡಿಸುತ್ತೇವೆ. ರಸ್ತೆಯಲ್ಲಿ ಏನೇನಿದೆ ಎಂದು ಚೆನ್ನಾಗಿ ವಿವರಿಸುತ್ತದೆ. ಆದರೆ ‘ಈಗ ಕಾರು ಏನು ಮಾಡಬೇಕು’ ಎಂದು ಕೇಳಿದರೆ ಒಮ್ಮೆ ಸರಿ, ಒಮ್ಮೆ ಎಡವಟ್ಟು. ಉತ್ತರ ಬರಲು ಎರಡು ಸೆಕೆಂಡಿಗೂ ಹೆಚ್ಚು ಬೇಕು. ಕನ್ನಡ ಬೋರ್ಡ್‌ಗಳನ್ನಂತೂ ಓದುವುದೇ ಇಲ್ಲ. ತಾನೇ ಓಡುವ ಕಾರಿಗೆ ಭಾಷೆ ನಿಜಕ್ಕೂ ಬೇಕೆ? ಬೇಕಿದ್ದರೆ ಹೇಗೆ ಜೋಡಿಸಬೇಕು?

ಉತ್ತರ: ಬೇಕು. ಆದರೆ ಸ್ಟೀರಿಂಗ್ ಹಿಡಿಯುವುದಕ್ಕಲ್ಲ.

ಮುಂದಿನ ಬಸ್ಸಿನಿಂದ ಅಂತರ ಕಾಯ್ದುಕೊಳ್ಳಲು, ಲೇನ್‌ನ ನಡುವೆ ಇರಲು, ಅಡ್ಡ ಬಂದ ಬೈಕಿಗೆ ಬ್ರೇಕ್ ಹಾಕಲು ಮಾತು ಬೇಕಿಲ್ಲ. ಅದು ಕಣ್ಣು-ಕೈಗಳ ಕೆಲಸ, ಸೆಕೆಂಡಿಗೆ ಹತ್ತಾರು ಸಲ ಆಗಬೇಕು. ವಸ್ತುವಿನ ಹೆಸರು ಗೊತ್ತಿದ್ದೂ ಅದರ ಅರ್ಥ ಗೊತ್ತಾಗದ ಕಡೆ ಭಾಷೆಯ ಕೆಲಸ ಶುರುವಾಗುತ್ತದೆ. ರಸ್ತೆ ಮಧ್ಯೆ ಯಾರೋ ಒಂದು ಸೊಪ್ಪಿನ ಕೊಂಬೆ ನೆಟ್ಟಿದ್ದಾರೆ ಎನ್ನಿ. ಚಿತ್ರದಲ್ಲಿ ವಸ್ತುಗಳನ್ನು ಗುರುತಿಸುವ ಡಿಟೆಕ್ಟರ್‌ಗೆ ಅದು ‘ಗಿಡ’, ಅಷ್ಟೇ. ನಮ್ಮ ಯಾವ ಡ್ರೈವರನ್ನು ಕೇಳಿದರೂ ಹೇಳುತ್ತಾರೆ, ಅಲ್ಲಿ ಮ್ಯಾನ್‌ಹೋಲ್ ಬಾಯಿ ತೆರೆದಿದೆ ಎಂದು. ರಸ್ತೆಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರೆ ಆ ದಾರಿ ಇವತ್ತಿಗೆ ಬಂದ್. ಇಂಥ ಸಂಗತಿಗಳಿಗೆ ಒಂದೊಂದಕ್ಕೂ ಸಾವಿರ ಸಾವಿರ ಚಿತ್ರ ಗುರುತು ಹಾಕಿ ಕಲಿಸಲಾಗದು. ಲೋಕದ ಬರಹವನ್ನೆಲ್ಲ ಓದಿ ಬಂದ ಭಾಷಾ ಮಾಡೆಲ್‌ಗೆ ಈ ಲೋಕಜ್ಞಾನ ಒಂದಿಷ್ಟು ಇರುತ್ತದೆ. ಅದನ್ನು ಬಳಸಿಕೊಳ್ಳುವುದಷ್ಟೇ ಗುರಿ.

ನೀವು ಹೇಳಿದ ಮೂರು ತೊಂದರೆಗಳು ಒಂದೇ ರೋಗದ ಲಕ್ಷಣಗಳಲ್ಲ. ಬೇರೆ ಬೇರೆಯಾಗಿಯೇ ನೋಡಬೇಕು. ಸುಲಭದ್ದು ಎರಡು ಸೆಕೆಂಡಿನದು, ಅದರಿಂದಲೇ ಆರಂಭಿಸೋಣ.

ಭಾಷಾ ಮಾಡೆಲ್ ಒಂದೊಂದು ಟೋಕನ್ (ಪದ ಅಥವಾ ಪದದ ತುಣುಕು) ಹೊರಹಾಕುವಾಗಲೂ ತನ್ನ ತೂಕಗಳನ್ನೆಲ್ಲ, ಅಂದರೆ ಪ್ಯಾರಾಮೀಟರ್‌ಗಳನ್ನೆಲ್ಲ, ಮೆಮೊರಿಯಿಂದ ಒಮ್ಮೆ ಓದಬೇಕು. 7 ಬಿಲಿಯನ್ ಪ್ಯಾರಾಮೀಟರ್, ಒಂದಕ್ಕೆ 2 ಬೈಟ್, ಒಟ್ಟು 14 ಜಿಬಿ. ನಿಮ್ಮ ಬೋರ್ಡಿನ ಮೆಮೊರಿ ಸೆಕೆಂಡಿಗೆ ಸಾಗಿಸುವುದು 204.8 ಜಿಬಿ. ಭಾಗಿಸಿದರೆ ಟೋಕನ್‌ಗೆ 68 ಮಿಲಿಸೆಕೆಂಡ್, 30 ಟೋಕನ್‌ನ ಒಂದು ವಾಕ್ಯಕ್ಕೆ 2 ಸೆಕೆಂಡ್. ಕೋಡ್ ಎಷ್ಟೇ ತಿದ್ದಿದರೂ ಇದಕ್ಕಿಂತ ಕೆಳಗೆ ಇಳಿಯದು, ಏಕೆಂದರೆ ಅಡ್ಡಿ ಇರುವುದು ಲೆಕ್ಕದ ವೇಗದಲ್ಲಲ್ಲ, ಸಾಗಣೆಯಲ್ಲಿ. 40 ಕಿ.ಮೀ. ವೇಗದ ಕಾರು ಅಷ್ಟರಲ್ಲಿ 22 ಮೀಟರ್ ಮುಂದೆ ಹೋಗಿರುತ್ತದೆ. ತೂಕಗಳನ್ನು 4 ಬಿಟ್‌ಗೆ ಇಳಿಸಿದರೆ 3.5 ಜಿಬಿ, ಟೋಕನ್‌ಗೆ 17 ಮಿಲಿಸೆಕೆಂಡ್, ಅದೇ ವಾಕ್ಯ ಅರ್ಧ ಸೆಕೆಂಡ್. ಅದೇ 4 ಬಿಟ್‌ನಲ್ಲಿ 2 ಬಿಲಿಯನ್‌ನ ಮಾಡೆಲ್ ಆದರೆ ಟೋಕನ್‌ಗೆ 5 ಮಿಲಿಸೆಕೆಂಡ್. ಇವೆಲ್ಲ ಕಾಗದದ ಮೇಲಿನ ಕನಿಷ್ಠ ಲೆಕ್ಕ. ನಿಜವಾಗಿ ಓಡಿಸಿದಾಗ ಇದರ ಒಂದೂವರೆ ಪಟ್ಟಾದರೂ ಹಿಡಿದುಕೊಳ್ಳಿ.

ಇದಕ್ಕಿಂತ ದೊಡ್ಡ ಉಳಿತಾಯ ಬೇರೆ ಕಡೆ ಇದೆ: ವಾಕ್ಯವನ್ನೇ ಕೇಳಬೇಡಿ. ಹತ್ತು ಹನ್ನೆರಡು ಆಯ್ಕೆಗಳ ಒಂದು ಪಟ್ಟಿ ಮಾಡಿ. ನಿಲ್ಲು, ನಿಧಾನಿಸು, ದಾರಿ ಬಿಡು, ಎಡಕ್ಕೆ ಸರಿ, ಬಲಕ್ಕೆ ಸರಿ, ದಾರಿ ಬಂದ್, ಮುಂದುವರಿ, ಹೀಗೆ. ‘ಗೊತ್ತಿಲ್ಲ’ ಎಂಬುದನ್ನು ಮರೆಯದೆ ಸೇರಿಸಿ. ಆ ಆಯ್ಕೆ ಕೊಡದಿದ್ದರೆ ಮಾಡೆಲ್ ಏನಾದರೊಂದನ್ನು ಆರಿಸಿಯೇ ತೀರುತ್ತದೆ. ಪ್ರತಿ ಆಯ್ಕೆಗೂ ಒಂದೊಂದು ವಿಶೇಷ ಟೋಕನ್ ಇಟ್ಟು, ಮೊದಲ ಟೋಕನ್ ಈ ಪಟ್ಟಿಯದೇ ಆಗಿರಬೇಕೆಂದು ಡಿಕೋಡಿಂಗ್‌ನಲ್ಲೇ (ಟೋಕನ್ ಆರಿಸುವ ಹಂತದಲ್ಲೇ) ಕಟ್ಟುಹಾಕಿ. ಆಗ ತೀರ್ಮಾನ ಒಂದೇ ಟೋಕನ್‌ನಲ್ಲಿ ಬರುತ್ತದೆ. ಕಾರಣದ ವಾಕ್ಯ ಅದರ ಹಿಂದೆ ನಿಧಾನವಾಗಿ ಬಂದು ಲಾಗ್ ಫೈಲಿಗೆ ಸೇರಲಿ.

ಇಲ್ಲಿ ಒಂದು ಜಗ್ಗಾಟ ಇದೆ ಎಂಬುದೂ ನಿಜ. ಕಾರಣ ಮೊದಲು, ತೀರ್ಮಾನ ಆಮೇಲೆ ಬಂದರೆ ತೀರ್ಮಾನದ ಗುಣ ಹೆಚ್ಚುತ್ತದೆ. ಚಾಲಕರಹಿತ ಕಾರುಗಳ ವೇಮೊ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ‘ಎಮ್ಮಾ’ ಮಾಡೆಲ್‌ನಲ್ಲಿ, ಹೀಗೆ ಹಂತಹಂತವಾಗಿ ಯೋಚಿಸಿ ಬರೆಸಿದಾಗ ಪಥ ಯೋಜನೆ (ಕಾರು ಸಾಗಬೇಕಾದ ದಾರಿಯ ಲೆಕ್ಕ) 6.7% ಸುಧಾರಿಸಿತ್ತು. ತೀರ್ಮಾನದ ನಂತರ ಬರುವ ಕಾರಣ ಬರೀ ಸಮರ್ಥನೆ ಆಗಿಬಿಡಬಹುದು. ಆದರೂ ನಿಮ್ಮ ಹಾರ್ಡ್‌ವೇರ್‌ನಲ್ಲಿ ತೀರ್ಮಾನವೇ ಮೊದಲು ಬರುವುದು ಲೇಸು. ಆಮೇಲೆ ಬಂದ ಕಾರಣವನ್ನು ಸಾಕ್ಷಿ ಎಂದು ಮಾತ್ರ ನಂಬಬೇಡಿ.

ಎರಡು ವೇಗದ ಎರಡು ಮಿದುಳು ಇಡುವುದೇ ಸದ್ಯಕ್ಕೆ ಉದ್ಯಮ ಹಿಡಿದಿರುವ ದಾರಿಗಳಲ್ಲಿ ಗಟ್ಟಿಯಾದದ್ದು. ಚೀನಾದ ತ್ಸಿಂಗ್ಹುವಾ ವಿಶ್ವವಿದ್ಯಾಲಯ ಮತ್ತು ಲಿ ಆಟೊ ಕಂಪನಿ 2024ರಲ್ಲಿ ತೋರಿಸಿದ ‘ಡ್ರೈವ್‌ವಿಎಲ್‌ಎಂ-ಡ್ಯುಯಲ್’ ಇದರ ಒಳ್ಳೆಯ ಮಾದರಿ. ಒಂದು ಓರಿನ್ ಚಿಪ್‌ನಲ್ಲಿ ಚುರುಕಾದ ಚಾಲನಾ ಜಾಲ, ಇನ್ನೊಂದರಲ್ಲಿ ದೃಶ್ಯ-ಭಾಷಾ ಮಾಡೆಲ್. ಎರಡನೆಯದಕ್ಕೆ ಒಂದು ಉತ್ತರಕ್ಕೆ ಸುಮಾರು 410 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಮೊದಲನೆಯದು ಅದಕ್ಕಾಗಿ ಕಾಯುವುದಿಲ್ಲ. ಸಲಹೆ ಬಂದಾಗ ತೆಗೆದುಕೊಳ್ಳುತ್ತದೆ, ಬಾರದಿದ್ದರೆ ತನ್ನ ಪಾಡಿಗೆ ಓಡಿಸುತ್ತದೆ. ಲಂಡನ್ನಿನ ವೇವ್ ಕಂಪನಿಯದು ಬೇರೆ ಹಾದಿ. 2023ರ ಲಿಂಗೊ-1 ಬರೀ ವಿವರಣೆ ಕೊಡುತ್ತಿತ್ತು. 2024ರ ಏಪ್ರಿಲ್‌ನಲ್ಲಿ ಬಂದ ಲಿಂಗೊ-2 ಒಂದೇ ಮಾಡೆಲ್‌ನಿಂದ ಮಾತನ್ನೂ ಪಥವನ್ನೂ ಹೊರಡಿಸಿತು. ನಿಮ್ಮ ಪ್ರಾಜೆಕ್ಟಿಗೆ ಮೊದಲನೆಯ ಹಾದಿಯೇ ಸರಿ. ಎರಡನೆಯದಕ್ಕೆ ಬೇಕಾಗುವಷ್ಟು ಚಾಲನಾ ಡೇಟಾ ಕಾಲೇಜಿನ ಕೈಗೆ ಸಿಗುವಂಥದ್ದಲ್ಲ.

ಇನ್ನು ಕನ್ನಡ ಬೋರ್ಡಿನ ವಿಷಯ. ‘ಓದುವುದಿಲ್ಲ’ ಎಂದಿದ್ದೀರಿ. ಮಾಡೆಲ್‌ಗೆ ಅದು ಕಾಣಿಸಿಯೇ ಇರುವುದಿಲ್ಲ, ಲೆಕ್ಕ ಹಾಕಿ ನೋಡಿ.

ಕಣ್ಣು-ಮಾತುಗಳ ಬೆಸುಗೆ ನಡೆಯುವುದು ಹೀಗೆ. ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕವನ್ನೂ ಒಂದು ಸಂಖ್ಯಾಸಾಲಾಗಿಸಿ, ನಡುವೆ ಪ್ರೊಜೆಕ್ಟರ್ ಎಂಬ ಪುಟ್ಟ ಜಾಲದ ಮೂಲಕ ಭಾಷಾ ಮಾಡೆಲ್‌ಗೆ ಪದಗಳ ಹಾಗೆ ಉಣಿಸುತ್ತಾರೆ. ಲಾವಾ 1.5 ಎಂಬ ಓಪನ್ ದೃಶ್ಯ-ಭಾಷಾ ಮಾಡೆಲ್‌ನಲ್ಲಿ ಚಿತ್ರ 336×336 ಪಿಕ್ಸೆಲ್, ಚೌಕ 14×14, ಒಟ್ಟು 576 ಟೋಕನ್. ಈಗ ಚಾಲನಾ ಸಂಶೋಧನೆಯ ನ್ಯೂಸೀನ್ಸ್ ಡೇಟಾಸೆಟ್‌ನ ಮುಂದಿನ ಕ್ಯಾಮೆರಾ ತೆಗೆದುಕೊಳ್ಳಿ: 1600×900 ಪಿಕ್ಸೆಲ್, ನಾಭಿದೂರ (ಫೋಕಲ್ ಲೆಂಗ್ತ್) ಸುಮಾರು 1266 ಪಿಕ್ಸೆಲ್. 60 ಸೆ.ಮೀ. ಅಗಲದ ದುಂಡು ಫಲಕ 50 ಮೀಟರ್ ದೂರದಲ್ಲಿ ಅದರಲ್ಲಿ 15 ಪಿಕ್ಸೆಲ್ ಆಗುತ್ತದೆ. ಚಿತ್ರವನ್ನು 336ಕ್ಕೆ ಕುಗ್ಗಿಸಿದರೆ 3 ಪಿಕ್ಸೆಲ್. ಒಂದು ಚೌಕದ ಮೂಲೆಯಲ್ಲಿ ಒಂದು ಚುಕ್ಕೆ. ಅದರ ಮೇಲಿನ ಬರಹ ಓದು ಎಂದರೆ ಏನನ್ನು ಓದೀತು?

ಕುಗ್ಗಿಸದೆ ಪೂರ್ತಿ ಚಿತ್ರ ಕೊಟ್ಟರೆ? ಒಂದು ಕ್ಯಾಮೆರಾಗೆ 7,296 ಟೋಕನ್, ಆರು ಕ್ಯಾಮೆರಾಗೆ 43,776. ಬೋರ್ಡ್ ಬೆವರುತ್ತದೆ, ಉತ್ತರ ಬರುವಷ್ಟರಲ್ಲಿ ಸಿಗ್ನಲ್ ಬದಲಾಗಿರುತ್ತದೆ. ಸರಿಯಾದ ದಾರಿ ಎಂದರೆ, ಫಲಕ ಹುಡುಕುವ ಕೆಲಸವನ್ನು ಪೂರ್ಣ ರೆಸೊಲ್ಯೂಶನ್‌ನಲ್ಲಿ ಓಡುವ ಸಾಮಾನ್ಯ ಡಿಟೆಕ್ಟರ್‌ಗೆ ಕೊಡುವುದು. ಅದು ಕತ್ತರಿಸಿ ಕೊಟ್ಟ ತುಂಡನ್ನಷ್ಟೇ ದೊಡ್ಡದು ಮಾಡಿ, ಕುಗ್ಗಿಸಿದ ಪೂರ್ಣ ಚಿತ್ರದ ಜೊತೆಗೆ ಕಳಿಸಿ.

ಅಷ್ಟಾದರೂ ಕನ್ನಡಕ್ಕೆ ಇನ್ನೊಂದು ಕಷ್ಟ ಇದೆ. ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಬಿಡಿಸಿ ಕಾಣಬೇಕಾದರೆ ಅಕ್ಷರದ ಎತ್ತರ 20 ಪಿಕ್ಸೆಲ್ ಆದರೂ ಬೇಕು ಎಂದಿಟ್ಟುಕೊಳ್ಳಿ. 10 ಸೆ.ಮೀ. ಎತ್ತರದ ಅಕ್ಷರ ಮೇಲಿನ ಕ್ಯಾಮೆರಾದಲ್ಲಿ 20 ಪಿಕ್ಸೆಲ್ ಆಗುವುದು 6 ಮೀಟರ್ ಹತ್ತಿರ ಹೋದಾಗ. ಆಗ ಓದಿ ಪ್ರಯೋಜನವಿಲ್ಲ. 3840 ಪಿಕ್ಸೆಲ್ ಅಗಲದ, 30 ಡಿಗ್ರಿ ನೋಟದ ಕ್ಯಾಮೆರಾ ಹಾಕಿದರೆ ಅದೇ ಅಕ್ಷರ 36 ಮೀಟರ್‌ನಿಂದ ಓದಸಿಗುತ್ತದೆ, 40 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡ್ ಸಿಕ್ಕಂತೆ. ದುಡ್ಡಿದ್ದರೆ ಮೊದಲು ಕ್ಯಾಮೆರಾಗೆ ಹಾಕಿ, ಜಿಪಿಯುಗೆ ಆಮೇಲೆ.

ಓದಿದ್ದನ್ನು ಬರೆಸುವುದಕ್ಕೂ ಬೆಲೆ ಇದೆ. ‘ನಿಧಾನವಾಗಿ ಚಲಿಸಿ’ ಎಂಬುದು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ 43 ಬೈಟ್. ಕನ್ನಡ ಕಲಿಯದ ಟೋಕನೈಸರ್ (ಬರಹವನ್ನು ಟೋಕನ್‌ಗಳಾಗಿ ಒಡೆಯುವ ಭಾಗ) ಅದನ್ನು ಹೆಚ್ಚುಕಡಿಮೆ ಬೈಟ್‌ಗೊಂದರಂತೆ ಒಡೆದರೆ, 4 ಬಿಟ್ ಮಾಡೆಲ್‌ನಲ್ಲೂ ಮುಕ್ಕಾಲು ಸೆಕೆಂಡ್ ಹೋಯಿತು. ಹಾಗಾಗಿ ದೊಡ್ಡ ಮಾಡೆಲ್ ಕೈಯಲ್ಲಿ ಕನ್ನಡ ಓದಿಸಬೇಡಿ. ತುಂಡು ಚಿತ್ರದ ಮೇಲೆ ಓಡುವ ಪುಟ್ಟ ಕನ್ನಡ ಒಸಿಆರ್ (ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ಬೇರೆಯಾಗಿ ಇಡಿ. ರಸ್ತೆ ಬದಿಯ ಫಲಕಗಳ ಭಾಷೆ ಸೀಮಿತ: ‘ಏಕಮುಖ ಸಂಚಾರ’, ‘ಮುಂದೆ ಶಾಲೆ ಇದೆ’, ‘ಕಾಮಗಾರಿ ನಡೆಯುತ್ತಿದೆ’, ‘ರಸ್ತೆ ಬಂದ್’. ಇಂಥ ಐವತ್ತು ಅರವತ್ತು ನುಡಿಗಟ್ಟುಗಳ ಪಟ್ಟಿ ಮಾಡಿ, ಒಸಿಆರ್ ಓದಿದ್ದನ್ನು ಅದರಲ್ಲಿ ಹತ್ತಿರದ್ದಕ್ಕೆ ಹೊಂದಿಸಿ, ಅದರ ಕ್ರಮಸಂಖ್ಯೆಯನ್ನಷ್ಟೇ ಮಾಡೆಲ್‌ಗೆ ಕೊಡಿ.

ಹೊಂದಿಸುವಾಗ ಒಂದು ಎಚ್ಚರ. ಕನ್ನಡದಲ್ಲಿ ನಿಷೇಧ ಇರುವುದು ಪದದ ಬಾಲದಲ್ಲಿ. ‘ಪ್ರವೇಶವಿಲ್ಲ’ ಎಂಬ ಫಲಕದ ಬಲತುದಿಗೆ ಒಂದು ಕೊಂಬೆ ಅಡ್ಡ ಬಂದರೆ ಉಳಿಯುವುದು ‘ಪ್ರವೇಶ’. ‘ನಿಲ್ಲಿಸಬೇಡಿ’ಯ ಬಣ್ಣ ಮಾಸಿದರೆ ‘ನಿಲ್ಲಿಸಿ’ಗೆ ಹೊಂದಿಕೊಳ್ಳುತ್ತದೆ. ಅರ್ಥ ಪೂರ್ತಿ ತಿರುವುಮುರುವು, ಅಕ್ಷರದ ಲೆಕ್ಕದಲ್ಲಿ ವ್ಯತ್ಯಾಸ ಚೂರು. ಆದ್ದರಿಂದ ಫಲಕದ ಬಲಅಂಚು ಪೂರ್ತಿ ಕಾಣದಿದ್ದರೆ ಓದಿದ್ದನ್ನು ತಿರಸ್ಕರಿಸಿ, ಇಲ್ಲವೇ ನಿಷೇಧದ ಅರ್ಥವನ್ನೇ ಹಿಡಿಯಿರಿ. ಕೆಂಪು ವೃತ್ತ ಇದೆಯೇ ಎಂಬ ಆಕಾರದ ಸಾಕ್ಷಿಯನ್ನೂ ಸೇರಿಸಿ.

ಇದರ ಉಲ್ಟಾ ತೊಂದರೆಯೂ ಉಂಟು: ಓದಬಾರದ್ದನ್ನು ಓದುವುದು. 2021ರಲ್ಲಿ ಓಪನ್‌ಎಐ ಚಿತ್ರಕ್ಕೂ ಪದಕ್ಕೂ ಹೊಂದಿಕೆ ನೋಡುವ ತನ್ನದೇ ಕ್ಲಿಪ್ ಮಾಡೆಲ್ ಬಗ್ಗೆ ತೋರಿಸಿದ ಪ್ರಯೋಗ ಪ್ರಸಿದ್ಧ. ಸೇಬಿನ ಮೇಲೆ ‘ಐಪಾಡ್’ ಎಂದು ಬರೆದ ಚೀಟಿ ಅಂಟಿಸಿದರೆ ಮಾಡೆಲ್ ಅದನ್ನು ಐಪಾಡ್ ಎಂದೇ ಗುರುತಿಸಿತು. ನಮ್ಮ ಲಾರಿಗಳ ಹಿಂದೆ ‘ಸೌಂಡ್ ಹಾರ್ನ್’ ಎಂದು ಬರೆದಿರುತ್ತದೆ, ಬ್ಯಾರಿಕೇಡ್ ತುಂಬ ಜಾಹೀರಾತು ಇರುತ್ತದೆ. ಚಲಿಸುವ ವಸ್ತುವಿನ ಮೇಲಿನ ಬರಹಕ್ಕೆ ಆಜ್ಞೆಯ ಅಧಿಕಾರ ಇಲ್ಲ ಎಂಬ ನಿಯಮವನ್ನು ಕೋಡ್‌ನಲ್ಲೇ ಬರೆಯಿರಿ. ಒಂದೊಂದು ವಸ್ತುವಿನ ಚಲನೆಯನ್ನು ಹಿಂಬಾಲಿಸುವ ಟ್ರ್ಯಾಕರ್‌ನಿಂದ ಆ ವಸ್ತುವಿನ ವೇಗ ಸಿಗುತ್ತದಲ್ಲ, ಅದು ಸೊನ್ನೆ ಆಗಿರಬೇಕು, ಡಿಟೆಕ್ಟರ್ ಅದನ್ನು ಫಲಕ ಎಂದು ಗುರುತಿಸಿರಬೇಕು. ಎರಡೂ ಇದ್ದರೆ ಮಾತ್ರ ಓದು.

ಈಗ ಮೂರನೆಯದು, ಎಲ್ಲಕ್ಕಿಂತ ಕಷ್ಟದ್ದು: ವಿವರಣೆ ಸರಿ, ತೀರ್ಮಾನ ಎಡವಟ್ಟು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎನ್ನುತ್ತಾರಲ್ಲ, ಇಲ್ಲಿ ಮೊದಲು ಪ್ರಮಾಣಿಸಬೇಕಾದದ್ದು ಮಾಡೆಲ್ ಚಿತ್ರವನ್ನು ನೋಡುತ್ತಿದೆಯೇ ಎಂಬುದನ್ನೇ. ‘ಮುಂದೆ ಪಾದಚಾರಿ ದಾಟುತ್ತಿದ್ದಾರೆ, ಏನು ಮಾಡಬೇಕು’ ಎಂದು ಕೇಳಿದರೆ ‘ನಿಲ್ಲಬೇಕು’ ಎನ್ನಲು ಕಣ್ಣು ಬೇಕಿಲ್ಲ, ಪ್ರಶ್ನೆಯಲ್ಲೇ ಉತ್ತರ ಇದೆ. 2025ರ ‘ಡ್ರೈವ್‌ಬೆಂಚ್’ ಅಧ್ಯಯನ 20,498 ಪ್ರಶ್ನೋತ್ತರಗಳನ್ನು 17 ಬಗೆಯ ಸ್ಥಿತಿಗಳಲ್ಲಿ ಕೇಳಿತು. ಚಿತ್ರ ಹಾಳಾದದ್ದು, ಚಿತ್ರವೇ ಇಲ್ಲದ್ದು ಎಲ್ಲ ಸೇರಿ. ಚಿತ್ರ ಇಲ್ಲದಿದ್ದರೂ ಮಾಡೆಲ್‌ಗಳು ನಂಬುವಂಥ ಉತ್ತರ ಹೆಣೆಯುತ್ತಿದ್ದವು.

ನೀವೂ ಇದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ ನೋಡಬಹುದು. 200 ಪ್ರಶ್ನೆ ಆರಿಸಿ. ಒಮ್ಮೆ ಸರಿಯಾದ ಚಿತ್ರದೊಂದಿಗೆ, ಒಮ್ಮೆ ಕಪ್ಪು ಚಿತ್ರದೊಂದಿಗೆ, ಒಮ್ಮೆ ಬೇರೆ ಜಾಗದ ಚಿತ್ರದೊಂದಿಗೆ ಕೇಳಿ. ಮೂರರಲ್ಲೂ ಅರ್ಧಕ್ಕಿಂತ ಹೆಚ್ಚು ಉತ್ತರ ಒಂದೇ ಆದರೆ, ನಿಮ್ಮ ಮಾಡೆಲ್ ರಸ್ತೆ ನೋಡುತ್ತಿಲ್ಲ, ಪ್ರಶ್ನೆ ನೋಡಿ ಊಹಿಸುತ್ತಿದೆ. ಡಿಟೆಕ್ಟರ್‌ನ ಪಟ್ಟಿಯನ್ನು ಪಠ್ಯವಾಗಿ ಜೊತೆಗೆ ಕೊಡುತ್ತಿದ್ದರೆ ಅದನ್ನೂ ತೆಗೆದು ಪರೀಕ್ಷಿಸಿ. ದೂರ ಅಳೆಯುವುದರಲ್ಲಿ ಈ ಮಾಡೆಲ್‌ಗಳು ದುರ್ಬಲ, ಆದ್ದರಿಂದ ‘ಆಟೋ 7, ಮುಂದೆ 14.2 ಮೀ., ಎಡಕ್ಕೆ 1.8 ಮೀ.’ ಎಂದು ಬರೆದು ಕೊಡುವುದು ಬೇಕೇ ಬೇಕು. ಆದರೆ ಹಾಗೆ ಕೊಟ್ಟರೆ ಮಾಡೆಲ್ ಚಿತ್ರ ಬಿಟ್ಟು ಆ ಸಾಲನ್ನಷ್ಟೇ ಓದುವ ಸೋಮಾರಿತನ ಕಲಿಯುತ್ತದೆ. ತರಬೇತಿಯಲ್ಲಿ ನೂರಕ್ಕೆ ಮೂವತ್ತು ಉದಾಹರಣೆಗಳಲ್ಲಿ ಆ ಪಟ್ಟಿಯನ್ನು ಬೇಕೆಂದೇ ಅಳಿಸಿ.

ತರಬೇತಿಯ ಸಾಲು ಹೇಗಿರಬೇಕು ಎಂಬುದಕ್ಕೆ ಒಂದು ನಮೂನೆ:

ಕಾಣುವುದು: ಬಸ್ 3, ಎಡಬದಿ, ನಿಂತಿದೆ, ಬಾಗಿಲಲ್ಲಿ ಜನ ಇಳಿಯುತ್ತಿದ್ದಾರೆ.
ಆಗಬಹುದಾದ್ದು: ಬಸ್ 3ರ ಮುಂದಿನಿಂದ ಯಾರಾದರೂ ರಸ್ತೆಗೆ ಇಳಿಯಬಹುದು, ಈಗ ಕಾಣುತ್ತಿಲ್ಲ.
ಮಾಡಬೇಕಾದ್ದು: ನಿಧಾನಿಸು.
ತಿರುವು: ಬಸ್ 3 ಖಾಲಿ ನಿಂತಿದ್ದರೆ ‘ಮುಂದುವರಿ’.

ಕೊನೆಯ ಸಾಲೇ ಇದರ ಜೀವ. ಒಂದೇ ದೃಶ್ಯಕ್ಕೆ ಹತ್ತಿರದ ಇನ್ನೊಂದು ದೃಶ್ಯ, ಬೇರೆ ಉತ್ತರ. ಅಂಥ ಜೋಡಿಗಳಿಲ್ಲದೆ ಮಾಡೆಲ್ ‘ಬಸ್ ಕಂಡರೆ ನಿಧಾನಿಸು’ ಎಂದಷ್ಟೇ ಕಲಿಯುತ್ತದೆ. 2025ರ ‘ಸಿಮ್‌ಲಿಂಗೊ’ ಕೆಲಸದಲ್ಲೂ ಇದೇ ಯೋಚನೆ ಇದೆ. ಒಂದೇ ದೃಶ್ಯಕ್ಕೆ ಬೇರೆ ಬೇರೆ ಆಜ್ಞೆ ಕೊಟ್ಟು, ಒಂದೊಂದಕ್ಕೂ ಬೇರೆ ಪಥ ಹೊರಡಿಸುವಂತೆ ಕಲಿಸಿದರು, ಮಾತಿಗೂ ಚಲನೆಗೂ ನಂಟು ಬೀಳಲಿ ಎಂದು.

ಡೇಟಾ ಎಲ್ಲಿಂದ ತರುವುದು? ನ್ಯೂಸೀನ್ಸ್‌ನಲ್ಲಿ 20 ಸೆಕೆಂಡಿನ 1000 ದೃಶ್ಯಗಳಿವೆ, ಬಾಸ್ಟನ್ ಮತ್ತು ಸಿಂಗಪುರದವು. ಬಾಸ್ಟನ್‌ನಲ್ಲಿ ವಾಹನ ಬಲಕ್ಕೆ ಓಡುತ್ತವೆ, ಸಿಂಗಪುರದಲ್ಲಿ ನಮ್ಮಂತೆ ಎಡಕ್ಕೆ. ಎರಡನ್ನೂ ಕಲಸಿ ಕಲಿಸಿದರೆ ‘ಬಲಕ್ಕೆ ತಿರುಗುವಾಗ ಎದುರಿನವರಿಗೆ ದಾರಿ ಬಿಡು’ ಎಂಬುದೇ ಗೊಂದಲ. ಬಾಸ್ಟನ್ ಚಿತ್ರಗಳನ್ನು ಕನ್ನಡಿಯಂತೆ ತಿರುಗಿಸಿ ಬಳಸೋಣ ಎಂದು ಅನಿಸುತ್ತದೆ. ಆಗ ಬೋರ್ಡಿನ ಅಕ್ಷರಗಳೂ ತಿರುಗುತ್ತವೆ, ಪಠ್ಯದ ‘ಎಡ’, ‘ಬಲ’ ಮಾತ್ರ ಹಾಗೇ ಉಳಿಯುತ್ತವೆ. ಚಿತ್ರ ತಿರುಗಿಸುವ ಆಗ್ಮೆಂಟೇಶನ್ (ಇರುವ ಚಿತ್ರಗಳನ್ನೇ ಬದಲಿಸಿ ಡೇಟಾ ಹೆಚ್ಚಿಸುವುದು) ಎಷ್ಟೋ ಲೈಬ್ರರಿಗಳಲ್ಲಿ ಒಂದು ಸಾಲಿನ ಸೆಟ್ಟಿಂಗ್, ಯಾರೋ ಹಾಕಿಟ್ಟದ್ದು ಗಮನಕ್ಕೇ ಬರುವುದಿಲ್ಲ. ನಿಮ್ಮ ಎಡವಟ್ಟುಗಳಲ್ಲಿ ಎಡ-ಬಲ ಅದಲುಬದಲು ಹೆಚ್ಚಿದ್ದರೆ ಮೊದಲು ಅಲ್ಲಿ ನೋಡಿ. ಸಿಂಗಪುರದ ಭಾಗವನ್ನಷ್ಟೇ ಇಟ್ಟುಕೊಂಡು, ನಮ್ಮ ರಸ್ತೆಗೆ ಐಡಿಡಿ ಎಂಬ ಭಾರತೀಯ ರಸ್ತೆಗಳ ಡೇಟಾಸೆಟ್ ಸೇರಿಸಿ. ಹೈದರಾಬಾದ್, ಬೆಂಗಳೂರು ಸುತ್ತಮುತ್ತ 182 ಸಲ ಓಡಿಸಿ ತೆಗೆದ 10,004 ಚಿತ್ರ, 34 ವರ್ಗ. ಆಟೋರಿಕ್ಷಾ, ಪ್ರಾಣಿ ಬೇರೆ ಬೇರೆ ವರ್ಗ. ಡಾಂಬರಿನ ಪಕ್ಕದ ಮಣ್ಣಿನ ಅಂಚಿಗೆ, ಬೇಕೆಂದರೆ ಗಾಡಿ ಇಳಿಸಬಹುದಾದ ಜಾಗ ಎಂಬ ವರ್ಗವೇ ಇದೆ. ಆ ಒಂದು ವರ್ಗ ನೋಡಿದರೆ ಸಾಕು, ಇಲ್ಲಿನ ರಸ್ತೆ ಗೊತ್ತಿದ್ದವರು ಮಾಡಿದ್ದು ಎಂದು ತಿಳಿಯುತ್ತದೆ. ಅದರಲ್ಲಿ ಪ್ರಶ್ನೋತ್ತರ ಇಲ್ಲ, ಅದನ್ನು ನೀವೇ ಬರೆಯಬೇಕು. ಮಾಡೆಲ್‌ನ ಕಣ್ಣಿನ ಭಾಗವನ್ನು ಮುಟ್ಟದೆ, ಪ್ರೊಜೆಕ್ಟರ್ ಮತ್ತು ಭಾಷಾ ಭಾಗದ ಮೇಲೆ ಲೋರಾ (ಮೂಲ ತೂಕಗಳನ್ನು ಹಾಗೇ ಬಿಟ್ಟು ಪುಟ್ಟ ಪದರಗಳನ್ನಷ್ಟೇ ಕಲಿಸುವ ವಿಧಾನ) ಹಾಕಿ 4 ಬಿಟ್‌ನಲ್ಲಿ ಫೈನ್‌ಟ್ಯೂನ್ ಮಾಡಿದರೆ 24 ಜಿಬಿ ಜಿಪಿಯು ಕಾರ್ಡ್ ಒಂದು ಸಾಕಾಗುತ್ತದೆ.

ಸಲಹೆಯನ್ನು ಕಾರಿಗೆ ತಲುಪಿಸುವ ತಂತಿಯ ಬಗ್ಗೆ ಕೆಲವು ಮಾತು. ಪ್ರತಿ ಸಲಹೆಯ ಮೇಲೂ ಚಿತ್ರ ತೆಗೆದ ಹೊತ್ತಿನ ಮುದ್ರೆ ಇರಲಿ, ಉತ್ತರ ಬಂದ ಹೊತ್ತಿನದಲ್ಲ. ಒಂದೂವರೆ ಸೆಕೆಂಡ್ ದಾಟಿದ್ದನ್ನು ಎಸೆಯಿರಿ. ‘ಮುಂದಿನ ಬಸ್’ ಎಂದು ಹೇಳಿಸಬೇಡಿ, ಅಷ್ಟರಲ್ಲಿ ಮುಂದಿರುವುದು ಬೇರೆ ಬಸ್ ಆಗಿರಬಹುದು. ಟ್ರ್ಯಾಕರ್ ಕೊಟ್ಟ ‘ಬಸ್ 3’ ಎಂಬ ಗುರುತೇ ಬರಲಿ. ಸಲಹೆಗೆ ಇರುವ ಅಧಿಕಾರ ಬಿಗಿಗೊಳಿಸುವುದಕ್ಕೆ ಮಾತ್ರ: ವೇಗದ ಮಿತಿ ಇಳಿಸಬಹುದು, ಅಂತರ ಹೆಚ್ಚಿಸಬಹುದು, ಒಂದು ಜಾಗವನ್ನು ನಿಷಿದ್ಧ ಎನ್ನಬಹುದು. ಕೆಂಪು ದೀಪ ದಾಟಿಸುವ ಅಧಿಕಾರ ಇಲ್ಲ. ಹಾಗೆಂದು ‘ನಿಧಾನಿಸು’ ಯಾವಾಗಲೂ ನಿರಪಾಯ ಅಂದುಕೊಳ್ಳಬೇಡಿ. ಹೆದ್ದಾರಿಯಲ್ಲಿ ಇಲ್ಲದ ಅಡ್ಡಿಗೆ ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನ ಲಾರಿ ಬಂದು ಗುದ್ದುತ್ತದೆ. ಭಾಷಾ ಮಾಡೆಲ್ ಕೇಳಿದ ಬ್ರೇಕಿಗೆ ಒಂದು ಮಿತಿ ಇಡಿ: ಪ್ರತಿ ಸೆಕೆಂಡಿಗೆ ವೇಗ ಇಳಿಯುವುದು ಸೆಕೆಂಡಿಗೆ 1.5 ಮೀಟರ್‌ನಷ್ಟನ್ನು ಮೀರಬಾರದು. ತುರ್ತು ಬ್ರೇಕ್ ಹಾಕುವುದು ರಾಡಾರ್ ಮತ್ತು ಡಿಟೆಕ್ಟರ್‌ನ ಕೆಲಸ.

ಪ್ರಯಾಣಿಕರ ಮಾತು ಕೇಳಿ ನಡೆಯುವ ಭಾಗ ಬೇರೆಯೇ ವಿಷಯ, ಈ ವರ್ಷ ಅದಕ್ಕೆ ಕೈ ಹಾಕಬೇಡಿ. ‘ಇಲ್ಲೇ ಸೈಡಿಗೆ ಹಾಕಿ’ ಎಂದರೆ ಏನನ್ನು ಹಾಕಬೇಕು, ‘ಇಲ್ಲೇ’ ಎಂದರೆ ಎಷ್ಟು ಮೀಟರ್ ಎಂಬುದಕ್ಕೇ ಒಂದು ಪ್ರಾಜೆಕ್ಟ್ ಬೇಕು.

ಪರೀಕ್ಷೆಯಲ್ಲಿ ಅಂಕ ಹೇಗೆ ಕೊಡುತ್ತೀರಿ ಎಂಬುದರಲ್ಲೂ ಮೋಸ ಹೋಗಬಹುದು. ರೆಕಾರ್ಡ್ ಮಾಡಿದ ವಿಡಿಯೊದ ಮೇಲೆ ‘ಡ್ರೈವರ್ ಹೋದ ದಾರಿಗೆ ಎಷ್ಟು ಹತ್ತಿರ’ ಎಂದು ಅಳೆದರೆ ಎಲ್ಲರಿಗೂ ಒಳ್ಳೆಯ ಅಂಕ ಬರುತ್ತದೆ. ನ್ಯೂಸೀನ್ಸ್‌ನ ಮುಕ್ಕಾಲು ಪಾಲಿನಷ್ಟು ಚಾಲನೆ ಬರೀ ನೇರಕ್ಕೆ ಹೋಗುವುದು. ಕಣ್ಣು ಮುಚ್ಚಿಕೊಂಡು ಈಗಿನ ವೇಗದಲ್ಲೇ ಮುಂದೆ ಹೋಗು ಎನ್ನುವ ಮಾಡೆಲ್ ಕೂಡ ಅಲ್ಲಿ ಪಾಸಾಗುತ್ತದೆ ಎಂದು 2024ರಲ್ಲೇ ತೋರಿಸಿದ್ದಾರೆ. ತನ್ನ ತಪ್ಪಿನ ಫಲ ತಾನೇ ಉಣ್ಣುವಂಥ ಸಿಮ್ಯುಲೇಟರ್ ಬೇಕು. ಕಾರ್ಲಾ ಎಂಬ ಚಾಲನಾ ಸಿಮ್ಯುಲೇಟರ್ ಮೇಲೆ ಕಟ್ಟಿದ ಬೆಂಚ್2ಡ್ರೈವ್‌ನಲ್ಲಿ 44 ಬಗೆಯ ಸನ್ನಿವೇಶಗಳಲ್ಲಿ 220 ದಾರಿಗಳಿವೆ. ಅದರಲ್ಲಿ ಭಾಷಾ ಮಾಡೆಲ್ ಇಟ್ಟು ಒಮ್ಮೆ, ತೆಗೆದು ಒಮ್ಮೆ ಓಡಿಸಿ ವ್ಯತ್ಯಾಸ ಬರೆದಿಡಿ.

ಮೊದಲ ವಾರ ಹೊಸ ಕೋಡ್ ಬರೆಯಬೇಡಿ. ಕಪ್ಪು ಚಿತ್ರದ ಪರೀಕ್ಷೆ ಮಾಡಿ, ಚಿತ್ರ ತಿರುಗಿಸುವ ಸೆಟ್ಟಿಂಗ್ ಇದೆಯೇ ನೋಡಿ, ಈಗಾಗಲೇ ಬಂದಿರುವ ತಪ್ಪು ಉತ್ತರಗಳಲ್ಲಿ ನೂರನ್ನು ತೆಗೆದು ಮೂರು ರಾಶಿ ಮಾಡಿ: ಕಾಣಲಿಲ್ಲ, ಕಂಡರೂ ತಿಳಿಯಲಿಲ್ಲ, ತಿಳಿದರೂ ತಡವಾಯಿತು. ಯಾವ ರಾಶಿ ದೊಡ್ಡದೋ ನೋಡಿಕೊಂಡು ಮುಂದಿನ ವಾರ ಕ್ಯಾಮೆರಾ, ಡೇಟಾ, ಬೋರ್ಡ್ ಮೂರರಲ್ಲಿ ಯಾವುದಕ್ಕೆ ಕೈ ಹಾಕಬೇಕು ಎಂದು ನಿರ್ಧರಿಸಿ.